ಮೂವತ್ತರ ಮೇಲೆ ಮೂವತ್ತು

ಹೃದಯವನ್ನು ಕಪ್ಪಗೆ ಮಾಡುವುದು ಅಕ್ಕನ ಕಸುಬು. ಬಸ್ಸಿನಲ್ಲಿ ಪಕ್ಕ ಕೂತವರು ಏನು ಕೆಲಸ ಎಂದು ಕೇಳಿದರೆ ಅಷ್ಟನ್ನೇ ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದಳು. ಬಿಡಿಸಿ ಹೇಳುವ ತಾಳ್ಮೆ ಅವಳ ಹಣೆಯಲ್ಲೇ ಬರೆದಿರಲಿಲ್ಲ. ಕೇಳಿದವರು ಇವಳೇನು ಮಾಟಗಾತಿಯೋ ಎಂದು ಸೀಟಿನ ಆ ತುದಿಗೆ ಸರಿದು ಕೂರುತ್ತಿದ್ದರು.

ಸಂಗತಿ ಇಷ್ಟೇ. ಆಸ್ಪತ್ರೆಯ ನೆಲಮಾಳಿಗೆಯ ಎಂಆರ್‌ಐ ಕೋಣೆಯಲ್ಲಿ ರೋಗಿಯನ್ನು ಕೊಳವೆಯೊಳಗೆ ಮಲಗಿಸಿ, ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷ ಕಾದು ಹೃದಯದ ಚಿತ್ರ ತೆಗೆಯುತ್ತಾರೆ. ಒಳ್ಳೆಯ ಮಾಂಸದಿಂದ ಆ ಮದ್ದು ಬೇಗ ಹರಿದುಹೋಗುತ್ತದೆ, ಹಳೆಯ ಗಾಯದ ಕಲೆ ಇದ್ದ ಕಡೆ ತಂಗುತ್ತದೆ. ಯಂತ್ರ ಒಂದು ತಟ್ಟು ತಟ್ಟಿದ ಮೇಲೆ ಎಷ್ಟು ಹೊತ್ತು ಬಿಟ್ಟು ಚಿತ್ರ ಹಿಡಿಯಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೊತ್ತು ಸರಿಯಾಗಿದ್ದರೆ ಒಳ್ಳೆಯ ಮಾಂಸ ಬಾಣಲೆಯ ತಳದ ಹಾಗೆ ಕಪ್ಪಗೆ ಬಂದು, ಕಲೆಯೊಂದೇ ಬೆಳ್ಳಗೆ ಎದ್ದು ಕಾಣುತ್ತದೆ. ಹೊತ್ತು ತಪ್ಪಿದರೆ ಎಲ್ಲವೂ ಮಾಸಲು ಮಾಸಲು, ಕಲೆ ಇದ್ದರೂ ಅದರಲ್ಲೇ ಮುಳುಗಿಹೋಗುತ್ತದೆ. ಹೊತ್ತು ಅಂದರೆ ಗಂಟೆಯಲ್ಲ, ನಿಮಿಷವಲ್ಲ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಮುನ್ನೂರು ಪಾಲಿನ ಆಚೀಚೆ. ಅದೂ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಗೊತ್ತುಮಾಡಲು ಯಂತ್ರ ಮೊದಲು ಒಂದು ಸಾಲು ಪುಟ್ಟ ಚಿತ್ರಗಳನ್ನು ಹಿಡಿದು ಪರದೆಯ ಮೇಲೆ ಇಡುತ್ತದೆ. ಆ ಸಾಲಿನಲ್ಲಿ ಮಾಂಸ ಎಲ್ಲಿ ಅತಿ ಕಪ್ಪಗಿದೆಯೋ ಅಲ್ಲಿಗೆ ಬೆರಳಿಟ್ಟು ಅಂಕಿ ಹೇಳಬೇಕು.

ಈ ಬೆರಳಿಡುವುದರಲ್ಲಿ ಅಕ್ಕನನ್ನು ಮೀರಿಸುವವರು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಇಪ್ಪತ್ತಾರು ವರ್ಷ ಅದೇ ಕುರ್ಚಿ. ಕುರ್ಚಿಯ ಬಲಗೈ ಸವೆದು ಒಳಗಿನ ಸ್ಪಂಜು ಹೊರಬಂದಿತ್ತು, ಬದಲಾಯಿಸುತ್ತೇವೆ ಅಂದವರ ಮೇಲೆ ಹರಿಹಾಯ್ದು ಕಳಿಸಿದ್ದಳು. ಸಾಲು ಪರದೆಗೆ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ "ಇನ್ನೂರ ಎಂಬತ್ತು" ಅನ್ನುತ್ತಿದ್ದಳು, ಅದು ಇನ್ನೂರ ಎಂಬತ್ತೇ ಆಗಿರುತ್ತಿತ್ತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಪುಟ್ಟ ಚಿತ್ರಗಳು ಮುಗಿದು ದೊಡ್ಡ ಚಿತ್ರಗಳಿಗೆ ಕೈ ಹಾಕುವ ಹೊತ್ತಿಗೆ ಐದಾರು ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ಮದ್ದು ಇನ್ನಷ್ಟು ಇಳಿದು ಸರಿಯಾದ ಹೊತ್ತು ಮುಂದಕ್ಕೆ ಜಾರಿರುತ್ತದೆ. ಎಷ್ಟು ಜಾರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ತಾನೇ ಕಂಡುಕೊಂಡಿದ್ದಳು: ತಮ್ಮ ಯಂತ್ರಕ್ಕೆ ಮೂವತ್ತು. ಕಣ್ಣಿಗೆ ಕಂಡ ಅಂಕಿಗೆ ಮೂವತ್ತು ಸೇರಿಸು, ಆಮೇಲೆ ಗುಂಡಿ ಒತ್ತು. ಹೊಸದಾಗಿ ಸೇರಿದವರಿಗೆಲ್ಲ ಇದೇ ಮೊದಲ ಪಾಠ. ಪರದೆಯ ಕೆಳಗೆ ಅವಳದೇ ದುಂಡು ಅಕ್ಷರದ ಚೀಟಿ ಅಂಟಿತ್ತು: "ಮೂವತ್ತು ಸೇರಿಸಿ. ಮರೆತವರು ನನ್ನ ಮುಂದೆ ಬರಬೇಡಿ." ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಮೂವತ್ತಕ್ಕ ಅನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಇಂಥವಳ ಮುಂದೆ ಡೀಪ್ ಲರ್ನಿಂಗ್ ಅನ್ನುವ, ನೋಡಿ ನೋಡಿ ತಾನೇ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮನ್ನು ತಂದಿಟ್ಟರೆ ಏನಾಗಬೇಡ?

ತಂದಿಟ್ಟವರು ಕಂಪ್ಯೂಟರ್ ವಿಭಾಗದ ಒಬ್ಬ ಬೋಳುತಲೆಯ ಮನುಷ್ಯ. ಒಳ್ಳೆಯವರೇ. ಆದರೆ ಅವರ ಬಾಯಿಂದ ಶೇಕಡಾ ಇಲ್ಲದೆ ಒಂದು ಮಾತು ಹೊರಡುತ್ತಿರಲಿಲ್ಲ, ಆದ್ದರಿಂದ ಅಕ್ಕ ಅವರಿಗೆ ಶೇಕಡಾ ಸಾಹೇಬರು ಎಂದು ಹೆಸರಿಟ್ಟಳು. ಮೀಟಿಂಗು ಕರೆದು, ಬಿಸ್ಕತ್ತು ಹಂಚಿ, ಅವರು ಹೇಳಿದರು: ಇನ್ನು ಮುಂದೆ ಆ ಸಾಲನ್ನು ಪ್ರೋಗ್ರಾಮೇ ನೋಡುತ್ತದೆ, ಅಂಕಿಯನ್ನೂ ಅದೇ ಹೇಳುತ್ತದೆ, ಪರದೆಯ ಮೂಲೆಯ ಹಸಿರು ಚೌಕದಲ್ಲಿ ಬರುತ್ತದೆ. ಎರಡು ಸಾವಿರದ ಎಂಟುನೂರು ಹಳೆಯ ಸ್ಕ್ಯಾನುಗಳನ್ನು ತೋರಿಸಿ ಅದಕ್ಕೆ ಪಾಠ ಹೇಳಿದ್ದೇವೆ.

"ಅದ್ರಲ್ಲಿ ಮುಕ್ಕಾಲು ಪಾಲು ಮೇಡಂ ತೆಗೆದಿದ್ದೇ. ಶೇಕಡಾ ತೊಂಬತ್ತಾರು ಸಲ ಮೇಡಂ ಅಂಕಿಗೆ ಸರಿಯಾಗಿ ಹೊಂದುತ್ತೆ" ಎಂದು ಅಕ್ಕನ ಕಡೆ ಕೈ ಮಾಡಿದರು.

"ಉಳಿದ ನಾಲ್ಕು ಜನ ಎಲ್ಲಿಗೆ ಹೋಗ್ಬೇಕು? ನಿಮ್ಮನೆಗಾ?" ಅಂದಳು ಅಕ್ಕ. ಎಲ್ಲರೂ ನಕ್ಕರು. ಶೇಕಡಾ ಸಾಹೇಬರೂ ನಕ್ಕರು, ಅದು ಇನ್ನೂ ಮೈ ಉರಿಸಿತು.

ಮರುದಿನ ಬೆಳಿಗ್ಗೆ ಬಂದವಳೇ ಡ್ರೆಸಿಂಗ್ ಮಾಡುವ ಬಿಳಿ ಟೇಪು ಹರಿದು ಪರದೆಯ ಮೂಲೆಯ ಆ ಹಸಿರು ಚೌಕದ ಮೇಲೆ ಅಂಟಿಸಿದಳು. ತನ್ನ ಪಾಳಿ ಮುಗಿದಾಗ ಕಿತ್ತುಕೊಂಡು ಹೋಗುವಳು, ಮಾರನೆಯ ದಿನ ಹೊಸ ಟೇಪು. ಎಂಟು ತಿಂಗಳು ಹೀಗೇ ನಡೆಯಿತು. ಇಷ್ಟು ದಿನದಲ್ಲಿ ಒಂದೇ ಒಂದು ಸಲ ಟೇಪು ಎತ್ತಿ, ಅದು ಏನು ಹೇಳುತ್ತಿದೆ, ತಾನೇನು ಹೇಳುತ್ತಿದ್ದೇನೆ ಎಂದು ಪಕ್ಕಪಕ್ಕ ಇಟ್ಟು ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹಟ ಅನ್ನುವುದು ಕಣ್ಣಿಗೂ ಟೇಪು ಅಂಟಿಸುತ್ತದೆ.

ಮಧ್ಯಾಹ್ನದ ಪಾಳಿ ಅವಳ ಕೈಕೆಳಗಿನವಳದ್ದು. ಎರಡು ಮಕ್ಕಳ ತಾಯಿ, ಮಾತು ಕಡಿಮೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಅವಳ ಚಿತ್ರಗಳು ಯಾಕೋ ಮಾಸಲಾಗಿ ಬರತೊಡಗಿದವು. ಚಿತ್ರ ನೋಡಿ ವರದಿ ಬರೆಯುವ ಡಾಕ್ಟರಮ್ಮ ಎರಡು ಮೂರು ಸಲ "ಮಧ್ಯಾಹ್ನದ್ದು ಅಷ್ಟು ಚೆನ್ನಾಗಿ ಬರ್ತಿಲ್ಲ, ಸ್ವಲ್ಪ ನೋಡಿ" ಅಂದರು. ಅಕ್ಕ ನೋಡಲಿಲ್ಲ, ಬೈದಳು. "ಸಾಲು ಮುಂದೆ ಕಾಣ್ತಿದ್ರೂ ಕಣ್ಣು ಬಿಟ್ಟು ನೋಡಲ್ಲ ನೀವು. ಆ ಡಬ್ಬ ಹೇಳ್ತು, ನೀವು ಒತ್ತಿದ್ರಿ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ." ಕಿರಿಯವಳು ತಲೆ ತಗ್ಗಿಸಿ ಕೇಳಿಸಿಕೊಂಡು ಮತ್ತೆ ಕೆಲಸಕ್ಕೆ ಹೋದಳು. ಆಡಳಿತದವರಿಗೆ ಅಕ್ಕ ಮೂರು ಪತ್ರ ಬರೆದಳು, ಮೂರರಲ್ಲೂ ಪ್ರೋಗ್ರಾಮಿಗೆ ಬುದ್ಧಿ ಇಲ್ಲ ಎಂದಿತ್ತು. ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು. ಉತ್ತರ ಬರಲಿಲ್ಲ.

ಇದು ಆಸ್ಪತ್ರೆಯ ಕಿರಿಕಿರಿ. ಮನೆಯಲ್ಲಿ ಇದಕ್ಕಿಂತ ದೊಡ್ಡದೊಂದು ಕಾದು ಕೂತಿತ್ತು. ಅದರ ಹೆಸರು ಗಂಡ.

ಗಂಡ ಡ್ರೈವಿಂಗ್ ಸ್ಕೂಲಿನ ಮಾಸ್ತರ. ಐವತ್ತೇಳು ವಯಸ್ಸು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಮೂವತ್ತು ವರ್ಷ ಕಳೆದವನು. ಬೇರೆಯವರಿಗೆ ಹೇಳಿ ಹೇಳಿ, ತನಗೆ ಬೇರೆಯವರು ಹೇಳುವುದು ಕಿವಿಗೇ ಬೀಳದ ಹಾಗಾಗಿತ್ತು. ಉಪ್ಪು ಕಡಿಮೆ ಮಾಡಿ ಅಂದರೆ "ಕಡಿಮೆಯೇ ಇದೆ" ಅನ್ನುವನು, ಮೆಟ್ಟಿಲು ನಿಧಾನ ಅಂದರೆ ಎರಡೆರಡು ಹಾರುವನು. ಅವರ ಮನೆಯಲ್ಲಿ ಮೂರು ಜನ: ಇವರಿಬ್ಬರು, ಮತ್ತೆ ಕಿವಿ ಮಂದವಾದ ಅತ್ತೆ. ಅತ್ತೆ ಯಾರ ಮಾತು ಕೊನೆಗೆ ಬಂತೋ ಅವರ ಪಕ್ಷ.

ಒಂದು ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಕಾರಿನ ಗಾಜು ಒರೆಸುತ್ತಿದ್ದವನು ಬಟ್ಟೆ ಕೈಯಲ್ಲಿದ್ದ ಹಾಗೇ ಕುಸಿದುಬಿದ್ದ. ಅರ್ಧ ನಿಮಿಷದಲ್ಲಿ ತಾನೇ ಎದ್ದು ಕೂತು, ಸುತ್ತ ನಿಂತವರನ್ನು "ಏನು ನೋಡ್ತಿದ್ದೀರಾ?" ಎಂದು ಗದರಿದನಂತೆ. ಹಣೆಯಲ್ಲಿ ಕೋಳಿಮೊಟ್ಟೆಯಷ್ಟು ಗಂಟು ಎದ್ದಿತ್ತು. ಬಿಸಿಲಿಗೆ ತಲೆ ತಿರುಗಿತು ಅಂದ. ಆವತ್ತು ಮೋಡ ಕವಿದಿತ್ತು.

ಅಕ್ಕ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಬಂದಳು. ಇಸಿಜಿಯಲ್ಲಿ ಅಲ್ಲಲ್ಲಿ ಬಡಿತ ತಪ್ಪುತ್ತಿತ್ತು. ಹೃದಯದ ಡಾಕ್ಟರು ಹೇಳಿದ್ದು ನೇರವಾಗಿತ್ತು: ಮಾಂಸದಲ್ಲಿ ಕಲೆ ಇದ್ದರೆ ಬಡಿತ ಯಾವಾಗ ಬೇಕಾದರೂ ಹುಚ್ಚು ಹಿಡಿದು ನಿಲ್ಲಬಹುದು, ಆಗ ಎದೆಯೊಳಗೆ ಒಂದು ಸಾಧನ ಇಡಬೇಕು, ಗಾಡಿ ಮುಟ್ಟುವ ಹಾಗಿಲ್ಲ. ಕಲೆ ಇಲ್ಲದಿದ್ದರೆ ಮಾತ್ರೆ ಕೊಟ್ಟು ಕಳಿಸಬಹುದು. ಅದನ್ನು ಎಂಆರ್‌ಐ ಹೇಳಬೇಕು.

ಸ್ವಂತದವರ ಸ್ಕ್ಯಾನ್ ತಾವೇ ಮಾಡಬಾರದು ಎಂಬುದು ವಿಭಾಗದ ನಿಯಮ. ಬರೆದವಳು ಅಕ್ಕನೇ. ಹಾಗಾಗಿ ಗಂಡನನ್ನು ಮಧ್ಯಾಹ್ನದ ಪಾಳಿಗೆ ಒಪ್ಪಿಸಿ ಮೇಲಿನ ಕ್ಯಾಂಟೀನಿನಲ್ಲಿ ಟೀ ತಣ್ಣಗಾಗುವುದನ್ನು ನೋಡುತ್ತ ಕೂತಳು. ಆ ಐವತ್ತು ನಿಮಿಷದಲ್ಲಿ ಅವಳಿಗೆ ತನ್ನ ರೋಗಿಗಳ ಮನೆಯವರೆಲ್ಲ ನೆನಪಾದರು, ಅವರು ಬಂದು ಬಂದು "ಆಯ್ತಾ, ಆಯ್ತಾ" ಅಂದಾಗ ಎಷ್ಟು ಸಿಡುಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮೂರನೆಯ ದಿನ ವರದಿ ಬಂತು. ಕಲೆ ಇಲ್ಲ. ಉಸಿರಾಟದಿಂದಾಗಿ ಚಿತ್ರ ಸ್ವಲ್ಪ ಮಸುಕು, ಆದರೂ ಗಮನಿಸುವಂಥದ್ದು ಏನೂ ಇಲ್ಲ.

ಗಂಡ ಆ ಹಾಳೆಯನ್ನು ಮಡಚದೆ, ಬಿಚ್ಚಿಕೊಂಡೇ ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದ. ಅತ್ತೆಯ ಕಿವಿಯ ಹತ್ತಿರ ಹೋಗಿ ಮತ್ತೊಮ್ಮೆ ಓದಿದ.

"ನೋಡು, ನಿಮ್ಮ ಆಸ್ಪತ್ರೇನೇ ಹೇಳಿದೆ. ಬಿಸಿಲು ಅಂತ ನಾನು ಅಂದಿದ್ದೆ ತಾನೆ?"

"ಆವತ್ತು ಬಿಸಿಲೇ ಇರ್ಲಿಲ್ಲ ರೀ."

"ಹಿಂದಿನ ದಿನ ಇತ್ತಲ್ಲ. ಸೋಮವಾರದಿಂದ ಕ್ಲಾಸು ಶುರು. ಇಬ್ರು ಹೊಸಬರು ಬರ್ತಾರೆ."

"ಅವನು ಹೇಳೋದೂ ಸರಿಯೇ" ಅಂದರು ಅತ್ತೆ, ಏನು ಹೇಳಿದ ಎಂಬುದು ಕೇಳಿಸದೆಯೇ.

ಅಕ್ಕನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ರಾತ್ರಿಯ ಮಟ್ಟಿಗೆ. ಬೆಳಿಗ್ಗೆ ಪಾಳಿಗೆ ಹೋದವಳಿಗೆ ಮನಸ್ಸು ತಡೆಯಲಿಲ್ಲ. ಮೊದಲ ರೋಗಿ ಬಟ್ಟೆ ಬದಲಾಯಿಸುತ್ತಿದ್ದ ಹೊತ್ತಿನಲ್ಲಿ ಗಂಡನ ಚಿತ್ರಗಳನ್ನು ತೆರೆದಳು.

ಮಾಸಲು. ಹೃದಯದ ಗೋಡೆ ಇಡೀ ಬೂದಿ ಬಳಿದ ಹಾಗೆ. ಇದರಲ್ಲಿ ಕಲೆ ಇಲ್ಲ ಅನ್ನುವುದೂ ಒಂದೇ, ಕತ್ತಲಲ್ಲಿ ನಿಂತು ಮನೆಯಲ್ಲಿ ಯಾರೂ ಇಲ್ಲ ಅನ್ನುವುದೂ ಒಂದೇ. ಅಂಕಿ ನೋಡಿದಳು: ಮುನ್ನೂರ ನಲವತ್ತು. ಪುಟ್ಟ ಚಿತ್ರಗಳ ಸಾಲು ತೆರೆದಳು. ಕಣ್ಣು ತಾನಾಗಿಯೇ ಹೋಗಿ ಇನ್ನೂರ ಎಂಬತ್ತರ ಮೇಲೆ ಕೂತಿತು. ಅದಕ್ಕೆ ಮೂವತ್ತು ಸೇರಿಸಿದರೆ ಮುನ್ನೂರ ಹತ್ತು. ಈ ಮುನ್ನೂರ ನಲವತ್ತು ಎಲ್ಲಿಂದ ಬಂತು?

ಮಧ್ಯಾಹ್ನ ಕಿರಿಯವಳು ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

"ನನ್ನ ಗಂಡನ ಸ್ಕ್ಯಾನ್‌ನಲ್ಲೂ ನಿದ್ದೆ ಮಾಡಿದ್ರಾ ನೀವು?"

"ಇಲ್ಲ ಅಕ್ಕಾ. ಅಣ್ಣನವ್ರು ಉಸಿರು ಹಿಡೀರಿ ಅಂದ್ರೆ ಹಿಡೀಲಿಲ್ಲ. ನಡುವೆ ನಡುವೆ ಬಿಡ್ತಾ ಇದ್ರು. 'ಎಷ್ಟು ಹೊತ್ತಮ್ಮ' ಅಂತ ಕೇಳ್ತಾ ಇದ್ರು."

"ಅದು ಬೇರೆ. ಉಸಿರು ಬಿಟ್ರೆ ಚಿತ್ರ ಅಲುಗಾಡುತ್ತೆ, ಬೂದಿ ಆಗಲ್ಲ. ಅಂಕಿ ಯಾಕೆ ಮುನ್ನೂರ ನಲವತ್ತು?"

"ಪ್ರೋಗ್ರಾಮು ಮುನ್ನೂರ ಹತ್ತು ಅಂತು. ನಾನು ಮೂವತ್ತು ಸೇರಿಸಿದೆ." ಕಿರಿಯವಳ ಕಣ್ಣಲ್ಲಿ ನೀರು ನಿಂತಿತ್ತು. "ನೀವೇ ಹೇಳಿದ್ದಲ್ವಾ ಅಕ್ಕಾ? ಚೀಟಿ ಅಲ್ಲೇ ಇದೆ."

ಅಕ್ಕನಿಗೆ ಕೊನೆಯ ಮಾತು ಕೇಳಿಸಲಿಲ್ಲ. ಮೊದಲನೆಯದು ಸಾಕಾಗಿತ್ತು. ಪ್ರೋಗ್ರಾಮು ಮುನ್ನೂರ ಹತ್ತು ಅಂತು! ಸಾಲಿನಲ್ಲಿ ಅತಿ ಕಪ್ಪು ಇನ್ನೂರ ಎಂಬತ್ತು, ಅದು ಹೇಳಿದ್ದು ಮುನ್ನೂರ ಹತ್ತು. ಸಿಕ್ಕಿಬಿತ್ತು ಡಬ್ಬ. ಎಂಟು ತಿಂಗಳಿಂದ ಬಾಯಿ ಬಡಿದುಕೊಂಡದ್ದು ಸುಳ್ಳಾಗಲಿಲ್ಲ. ಫೋನ್ ಎತ್ತಿ ಶೇಕಡಾ ಸಾಹೇಬರನ್ನು ಕೆಳಗೆ ಕರೆಸಿದಳು. ಅವರು ಲ್ಯಾಪ್‌ಟಾಪ್ ತಬ್ಬಿಕೊಂಡು, ಎರಡು ಮಹಡಿ ಇಳಿದು, ಏದುಸಿರು ಬಿಡುತ್ತ ಬಂದರು.

"ನೋಡಿ ನಿಮ್ಮ ಮಗನ ಸಾಧನೆ" ಎಂದು ಸಾಲು ತೋರಿಸಿದಳು. "ಕಪ್ಪು ಇಲ್ಲಿದೆ. ಅದು ಬೆರಳಿಟ್ಟಿರೋದು ಅಲ್ಲಿ. ಮೂವತ್ತು ಆಚೆ. ಕುರುಡನಿಗೂ ಕಾಣುತ್ತೆ."

ಅವರು ಕನ್ನಡಕ ಹಣೆಗೇರಿಸಿ ನೋಡಿದರು. ಇನ್ನೊಬ್ಬ ರೋಗಿಯ ಸಾಲು ತೆರೆದರು. ಮತ್ತೊಬ್ಬರದು. ಎಲ್ಲದರಲ್ಲೂ ಮೂವತ್ತು ಆಚೆ. ಒಂದು ಕಡೆಯೂ ಇಪ್ಪತ್ತಿಲ್ಲ, ನಲವತ್ತಿಲ್ಲ.

"ಮೇಡಂ, ತಪ್ಪು ಮಾಡೋದು ಹಿಂಗೆ ಮಾಡಲ್ಲ" ಎಂದು ತಲೆ ಕೆರೆದುಕೊಂಡರು. "ತಪ್ಪಾಗಿದ್ರೆ ಒಂದ್ಸಲ ಹಿಂದೆ, ಒಂದ್ಸಲ ಮುಂದೆ ಆಗ್ಬೇಕು. ಇದು ಯಾರೋ ಹೇಳಿಕೊಟ್ಟ ಹಾಗಿದೆ."

"ಹೇಳಿಕೊಟ್ಟವ್ರು ನೀವೇ ಅಲ್ವಾ?"

"ನಾವು ಸಾಲು ತೋರಿಸಿದ್ವಿ. ಇದಕ್ಕೆ ಸರಿ ಉತ್ತರ ಇದು ಅಂತ ಅಂಕಿ ತೋರಿಸಿದ್ವಿ. ಅಷ್ಟೇ."

"ಯಾವ ಅಂಕಿ?"

"ದೊಡ್ಡ ಚಿತ್ರದ ಜೊತೆ ಉಳಿದಿರುತ್ತಲ್ಲ, ಅದು. ನೀವು ಕೊನೇಲಿ ಹಾಕಿ ಗುಂಡಿ ಒತ್ತಿದ ಅಂಕಿ."

ಅಕ್ಕನ ಕಣ್ಣು ಪರದೆಯ ಕೆಳಗಿನ ಚೀಟಿಗೆ ಹೋಯಿತು. ತಾನು ಕೊನೆಯಲ್ಲಿ ಹಾಕಿ ಒತ್ತಿದ ಅಂಕಿ. ಕಣ್ಣಿಗೆ ಕಂಡದ್ದಲ್ಲ, ಕಂಡದ್ದಕ್ಕೆ ಮೂವತ್ತು ಸೇರಿಸಿದ್ದು. ಸೇರಿಸುವುದು ಅವಳ ತಲೆಯಲ್ಲಿ ಆಗುತ್ತಿತ್ತು, ಎಲ್ಲೂ ಬರೆದಿರುತ್ತಿರಲಿಲ್ಲ. ಪ್ರೋಗ್ರಾಮು ಎರಡು ಸಾವಿರದ ಎಂಟುನೂರು ಸಲ ಅದನ್ನು ನೋಡಿ, ಒಳ್ಳೆಯ ಶಿಷ್ಯನ ಹಾಗೆ, ಮೂವತ್ತನ್ನೂ ಸೇರಿಸಿಯೇ ಕಲಿತಿತ್ತು. ಅದು ಹೇಳಿದ ಮುನ್ನೂರ ಹತ್ತು ಸರಿಯಾದ ಉತ್ತರವೇ. ಅದರ ಮೇಲೆ ಇನ್ನೂ ಮೂವತ್ತು ಹಾಕಿದ್ದು ಪರದೆಯ ಕೆಳಗಿನ ಚೀಟಿ. ಆ ದುಂಡು ಅಕ್ಷರ, ಆ ಗದರಿಕೆ.

"ನನ್ನನ್ನ ಯಾಕೆ ಒಂದು ಮಾತು ಕೇಳಲಿಲ್ಲ ನೀವು?" ಅಂದಳು. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

"ಎರಡು ಸಲ ಬಂದಿದ್ದೆ ಮೇಡಂ. 'ಆ ಡಬ್ಬದ ವಿಚಾರ ನನ್ನ ಹತ್ರ ಎತ್ತಬೇಡಿ' ಅಂದ್ರಿ."

ಅಂದಿದ್ದಳು. ಚೆನ್ನಾಗಿ ನೆನಪಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರವರಿಗೆಲ್ಲ ಹೇಳುತ್ತ ಬಂದವಳ ಕಾಲ ಕೆಳಗೇ ನೆಲ ಡೊಂಕಾಗಿತ್ತು, ಡೊಂಕು ಮಾಡಿದವಳೂ ತಾನೇ. ಯಾರ ಮೇಲೆ ಕೂಗಾಡಬೇಕು? ಶೇಕಡಾ ಸಾಹೇಬರ ಮೇಲೋ? ಹೇಳಿದಂತೆ ಮಾಡಿ ಎಂಟು ತಿಂಗಳು ಬೈಗುಳ ತಿಂದ ಆ ಹೆಣ್ಣುಮಗಳ ಮೇಲೋ? ಅವಳಿಗೆ ತನಗೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು. ಚೀಟಿಯನ್ನು ಕೀಳಲು ಹೋದಳು, ಹಳೆಯ ಅಂಟು, ಅರ್ಧ ಬಂತು, ಅರ್ಧ ಉಳಿಯಿತು. ಉಗುರಿನಿಂದ ಕೆರೆದಳು.

ಅಷ್ಟರಲ್ಲಿ ದೊಡ್ಡ ಹೆದರಿಕೆ ಹಿಂದಿನಿಂದ ಬಂದು ಕುತ್ತಿಗೆ ಹಿಡಿಯಿತು. ಇವತ್ತು ಗುರುವಾರ. ಸೋಮವಾರ ಆ ಮನುಷ್ಯ ಕಾರು ಹತ್ತುತ್ತಾನೆ.

ಡಾಕ್ಟರಮ್ಮನ ಕೋಣೆಯಲ್ಲಿ ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಅವರು ಎಲ್ಲ ಕೇಳಿ, "ಹಾಗಾದ್ರೆ ಪ್ರೋಗ್ರಾಮಿನ ತಪ್ಪು ಅಂತ ಬರೀಲಾ?" ಅಂದರು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಮೂರು ಪತ್ರಗಳಿಗೂ ಬೆಲೆ ಬರುತ್ತಿತ್ತು, ಇಪ್ಪತ್ತಾರು ವರ್ಷದ ಹೆಸರೂ ಉಳಿಯುತ್ತಿತ್ತು. ಒಂದು ಗಳಿಗೆ ನಾಲಿಗೆ ಆ ಕಡೆ ವಾಲಿದ್ದೂ ನಿಜ.

"ಬೇಡ ಮೇಡಂ. ಅದು ನಾನು ಮಾಡಿದ್ದನ್ನೇ ಕಲ್ತಿದೆ. ಚೀಟಿನೂ ನಂದೇ. ಎಂಟು ತಿಂಗಳಲ್ಲಿ ಒಂದು ದಿನ ಪಕ್ಕದಲ್ಲಿಟ್ಟು ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ. ಮಧ್ಯಾಹ್ನದ ಪಾಳೀಲಿ ನೂರ ನಲವತ್ತಮೂರು ಜನ ಆಗಿದಾರೆ. ಪಟ್ಟಿ ತಂದಿದ್ದೀನಿ. ಅಷ್ಟನ್ನೂ ಮತ್ತೆ ನೋಡ್ಬೇಕು."

ಡಾಕ್ಟರಮ್ಮ ಪಟ್ಟಿಯ ಹಾಳೆಗಳನ್ನು ತಿರುವಿದರು. ಆಮೇಲೆ ಹತ್ತು ನಿಮಿಷ ಅವಳಿಗೆ ಬೈದರು. ಬೈಗುಳದಲ್ಲಿ ಒಂದೂ ಹೆಚ್ಚಿನದಿರಲಿಲ್ಲ, ಅಕ್ಕ ಎದುರಾಡಲಿಲ್ಲ.

"ಮೊದಲು ನಮ್ಮನೆಯವ್ರದ್ದು ಮಾಡಿ ಅಂತ ಕೇಳೋಕೆ ನಾಚ್ಕೆ ಆಗುತ್ತೆ ಮೇಡಂ" ಅಂದಳು ಕೊನೆಗೆ. "ಆದ್ರೂ ಕೇಳ್ತೀನಿ. ಸೋಮವಾರ ಅವ್ರು ಗಾಡಿ ಹತ್ತುತಾರೆ. ಪಕ್ಕದಲ್ಲಿ ಕಲಿಯೋರು ಇರ್ತಾರೆ."

"ಶನಿವಾರ ಬೆಳಿಗ್ಗೆ ಏಳಕ್ಕೆ ಕರ್ಕೊಂಡು ಬನ್ನಿ" ಅಂದರು ಡಾಕ್ಟರಮ್ಮ. "ಪಟ್ಟೀಲಿ ಕುಸಿದುಬಿದ್ದೋರು ಇನ್ನು ಯಾರಿದ್ದಾರೋ ಅವ್ರಿಗೂ ಇವತ್ತೇ ಫೋನು ಹೋಗಬೇಕು."

ಕರೆದುಕೊಂಡು ಬನ್ನಿ ಅಂದರೆ ಬರುವ ಪ್ರಾಣಿಯೇ ಅದು? ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಕೋಣನ ಮುಂದೆ ಕಿನ್ನರಿ ಅನ್ನಬೇಕು. ಅಕ್ಕ ಸಾಲು, ಕಪ್ಪು, ಬೂದಿ, ಮೂವತ್ತು ಎಲ್ಲ ಹೇಳಿದಳು. ಗಂಡ ಶೂ ಪಾಲಿಶ್ ಮಾಡುತ್ತ ಕೇಳಿಸಿಕೊಂಡ.

"ಒಂದ್ಸಲ ಇಲ್ಲ ಅಂದ್ರಿ. ಈಗ ಇರಬಹುದು ಅಂತೀರಿ. ನಾಳೆ ಇನ್ನೊಂದಂತೀರಿ. ನಂಗೆ ಸೋಮವಾರ ಕ್ಲಾಸಿದೆ."

"ಚಿತ್ರ ಸರಿ ಬಂದಿಲ್ಲ ಅಂತಿದೀನಿ ರೀ! ತಪ್ಪಾಗಿದೆ!"

"ಯಾರ ತಪ್ಪು? ಆ ಕಂಪ್ಯೂಟರ್ ಸಾಹೇಬ್ರದ್ದಾ? ದಿನಾ ಬೈತಿದ್ದೆಯಲ್ಲ."

"ನಂದು."

ಬ್ರಷ್ಷು ನಿಂತಿತು. ಅವನು ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಹಾಲು ಉಕ್ಕಿದರೆ ಒಲೆಯದು, ಬಸ್ಸು ತಪ್ಪಿದರೆ ಗಡಿಯಾರದ್ದು, ಜಗಳವಾದರೆ ಅವನದ್ದು. ನಂದು ಎಂಬ ಮಾತು ಆ ಮನೆಯಲ್ಲಿ ಆ ಬಾಯಿಂದ ಹೊರಬಿದ್ದದ್ದು ಅವನಿಗೆ ನೆನಪಿರಲಿಲ್ಲ. ಅವಳು ಅಳುತ್ತಿರಲಿಲ್ಲ, ಸಿಟ್ಟೂ ಮಾಡಿರಲಿಲ್ಲ, ಸುಮ್ಮನೆ ಗೋಡೆಗೆ ಒರಗಿ ನಿಂತಿದ್ದಳು. ಅದೇ ಅವನನ್ನು ಹೆದರಿಸಿತು.

"ಏನಂತೆ?" ಅಂದರು ಅತ್ತೆ.

"ಏನಿಲ್ಲಮ್ಮ. ಶನಿವಾರ ಆಸ್ಪತ್ರೆಗೆ ಹೋಗ್ಬೇಕು." ಶೂ ಪಕ್ಕಕ್ಕಿಟ್ಟು ಹೆಂಡತಿಗೆ ಹೇಳಿದ: "ಬರ್ತೀನಿ. ಆದ್ರೆ ಮೈಕಿನಲ್ಲಿ ನೀನಿರ್ಬೇಕು. ಆ ಕೊಳವೇಲಿ ಗುರುತಿಲ್ಲದೋರ ದನಿ ಕೇಳ್ಕೊಂಡು ಮಲಗೋಕೆ ನಂಗಾಗಲ್ಲ. ಹೋದ ಸಲ ಉಸಿರೇ ನಿಲ್ಲಲಿಲ್ಲ."

ಹೆದರಿದ್ದ ಎಂಬುದು ಅವಳಿಗೆ ಆವಾಗ ತಿಳಿಯಿತು.

ಶನಿವಾರ ಕಿರಿಯವಳು ಯಂತ್ರದ ಕೀಲಿಗಳ ಮುಂದೆ ಕೂತಳು, ನಿಯಮ ಮುರಿಯಬಾರದಲ್ಲ. ಮೈಕು ಅಕ್ಕನ ಕೈಯಲ್ಲಿ. ಹಿಂದೆ ಡಾಕ್ಟರಮ್ಮ, ಬಾಗಿಲ ಹತ್ತಿರ ಶೇಕಡಾ ಸಾಹೇಬರು. ಗಾಜಿನ ಆಚೆ ಕೊಳವೆಯಿಂದ ಗಂಡನ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು, ಆಸ್ಪತ್ರೆಯ ನೀಲಿ ಕಾಲುಚೀಲದಲ್ಲಿ. ಇಂಜೆಕ್ಷನ್ ಹೋಯಿತು. ಹತ್ತು ನಿಮಿಷ ಕಳೆಯಿತು. ಪುಟ್ಟ ಚಿತ್ರಗಳ ಸಾಲು ಬಂತು. ಈ ಸಲ ಪರದೆಯ ಮೂಲೆಯಲ್ಲಿ ಟೇಪು ಇರಲಿಲ್ಲ.

"ಇನ್ನೂರ ಎಂಬತ್ತೈದು" ಅಂದಳು ಅಕ್ಕ. ಹಸಿರು ಚೌಕದಲ್ಲಿ ಮುನ್ನೂರ ಹದಿನೈದು ಬಂತು.

"ಎಷ್ಟು ಹಾಕ್ಲಿ ಅಕ್ಕಾ?" ಕಿರಿಯವಳು ಕೇಳಿದಳು.

"ಅದು ಹೇಳಿದಷ್ಟೇ. ಏನೂ ಸೇರಿಸಬೇಡ."

ಮೈಕಿನ ಗುಂಡಿ ಒತ್ತಿದಳು. "ರೀ, ಉಸಿರು ಎಳ್ಕೊಳ್ಳಿ. ಬಿಡಿ. ಈಗ ಹಾಗೇ ಹಿಡ್ಕೊಳ್ಳಿ. ನಾನು ಹೇಳೋವರ್ಗೂ ಬಿಡ್ಬೇಡಿ."

ಯಂತ್ರ ಹನ್ನೆರಡು ಸೆಕೆಂಡು ಬಡಿದು ನಿಂತಿತು. ಚಿತ್ರ ಮೇಲಿನಿಂದ ಕೆಳಕ್ಕೆ ತುಂಬಿಕೊಂಡಿತು. ಕಪ್ಪು, ಅವಳು ಇಪ್ಪತ್ತಾರು ವರ್ಷ ಬೆನ್ನುಹತ್ತಿದ ಅದೇ ಕಪ್ಪು, ಒಂದಿಷ್ಟೂ ಬೂದಿಯಿಲ್ಲದ್ದು. ಇಂಥ ಚಿತ್ರ ಬಂದರೆ ಅವಳು ಮೇಜು ತಟ್ಟುವುದು ವಾಡಿಕೆ. ಆ ಕಪ್ಪು ಗೋಡೆಯ ನಡುವೆ, ಎರಡು ಬೆರಳು ಉದ್ದಕ್ಕೆ, ಚಾಕ್‌ಪೀಸಿನಿಂದ ಎಳೆದ ಹಾಗೆ ಒಂದು ಬಿಳಿ ಗೆರೆ ಇತ್ತು.

ಡಾಕ್ಟರಮ್ಮ ಮುಂದೆ ಬಾಗಿ ನೋಡಿ, ಅಕ್ಕನ ಹೆಗಲ ಮೇಲೆ ಕೈ ಇಟ್ಟರು. ಜೀವಮಾನವಿಡೀ ತನ್ನ ಮಾತೇ ಸರಿ ಆಗಬೇಕೆಂದು ಹಟ ಹಿಡಿದವಳು ಆ ಬೆಳಿಗ್ಗೆ ಮನೆಯಿಂದ ಹೊರಡುವಾಗ, ತಪ್ಪಾಗಲಿ, ಇದೊಂದು ಸಲ ನಾನು ಹೇಳಿದ್ದು ತಪ್ಪಾಗಲಿ ಎಂದು ಬೇಡಿಕೊಂಡಿದ್ದಳು. ಆಗಲಿಲ್ಲ. ಅವಳು ಗೆರೆಯನ್ನೇ ನೋಡುತ್ತ ನಿಂತಳು. ಸಾಧನ ಇಡಬೇಕು. ಸೋಮವಾರದ ಇಬ್ಬರಿಗೆ ಫೋನ್ ಮಾಡಬೇಕು. ಇನ್ನು ಗಾಡಿ ಮುಟ್ಟಬೇಡಿ ಎಂದು ಇವನಿಗೆ ಹೇಗೆ ಹೇಳುವುದು? ಕೇಳುವ ಜಾತಿಯೇ ಅಲ್ಲವಲ್ಲ ಇದು.

"ಅಕ್ಕಾ!" ಕಿರಿಯವಳು ಕೈ ಹಿಡಿದು ಅಲ್ಲಾಡಿಸಿದಳು. "ಅಣ್ಣ ಇನ್ನೂ ಉಸಿರು ಬಿಟ್ಟಿಲ್ಲ!"

ಗಾಜಿನ ಆಚೆ ನೀಲಿ ಕಾಲುಚೀಲದ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಸೆಟೆದಿದ್ದವು. ಪರದೆಯಲ್ಲಿ ಉಸಿರಿನ ಗೆರೆ ಅಡ್ಡಡ್ಡ ಹೋಗುತ್ತಿತ್ತು. ನಲವತ್ತು ಸೆಕೆಂಡು ದಾಟಿತ್ತು.

"ಉಸಿರಾಡಿ!" ಎಂದು ಅಕ್ಕ ಮೈಕಿಗೆ ಕಿರುಚಿದಳು. "ಉಸಿರಾಡಿ ರೀ! ಬುದ್ಧಿ ಇಲ್ವಾ ನಿಮ್ಗೆ? ಯಾಕೆ ಹಿಡ್ಕೊಂಡೇ ಇದ್ರಿ?"

ಸ್ಪೀಕರಿನಲ್ಲಿ ದೊಡ್ಡದಾಗಿ ಗಾಳಿ ಎಳೆದುಕೊಂಡ ಸದ್ದು, ಕೆಮ್ಮು, ಮತ್ತೆ ಗಾಳಿ. ಆಮೇಲೆ ಅವನ ದನಿ, ಸುಸ್ತಾಗಿತ್ತು:

"ನೀನು ಹೇಳ್ಲಿಲ್ವಲ್ಲೇ."

ಅಕ್ಕ ಮೈಕಿನ ಗುಂಡಿಯಿಂದ ಬೆರಳು ತೆಗೆದಳು, ತನ್ನ ಅಳು ಅವನಿಗೆ ಕೇಳಿಸಬಾರದು ಎಂದು. ಮೂಗು ಒರೆಸಿಕೊಂಡು ಮತ್ತೆ ಒತ್ತಿದಳು. ಇನ್ನೂ ಎಂಟು ಚಿತ್ರ ಇವೆ, ಅಲ್ಲಾಡದೆ ಮಲಗಿ, ನಾನು ಇಲ್ಲೇ ಇದ್ದೀನಿ ಅಂದಳು.